ಬೋರ್ಡು ಬದಲಾದ ಮೇಲೆ

ಕಳೆದ ವರ್ಷ ಬಿ.ಕಾಂ. ಎರಡನೇ ವರ್ಷದ ಹುಡುಗಿಯೊಬ್ಬಳು ತನ್ನ ಅಜ್ಜಿಯ ಟ್ರಂಕಿನಿಂದ ನಾಲ್ಕು ಪಾಸ್‌ಬುಕ್ಕು ತಂದು ನನ್ನ ಮೇಜಿನ ಮೇಲಿಟ್ಟಳು. ಒಂದರ ಮೇಲೆ ತುಂಗಭದ್ರಾ ಗ್ರಾಮೀಣ ಬ್ಯಾಂಕ್, ಇನ್ನೊಂದರ ಮೇಲೆ ಪ್ರಗತಿ ಗ್ರಾಮೀಣ ಬ್ಯಾಂಕ್, ಮೂರನೆಯದು ಪ್ರಗತಿ ಕೃಷ್ಣಾ, ನಾಲ್ಕನೆಯದು ಕರ್ನಾಟಕ ಗ್ರಾಮೀಣ ಬ್ಯಾಂಕ್. "ಸರ್, ನಮ್ಮಜ್ಜಿ ನಾಕ್ ಬ್ಯಾಂಕಿನ್ಯಾಗ ರೊಕ್ಕ ಇಟ್ಟಾಳ್ರಿ" ಅಂದಳು. ತರಗತಿ ನಕ್ಕಿತು. ನಾಲ್ಕನ್ನೂ ಸಾಲಾಗಿ ಬಿಡಿಸಿ ನೋಡಿದರೆ ಒಂದರ ಕೊನೆಯ ಶಿಲ್ಕೇ ಮುಂದಿನದರ ಮೊದಲ ಶಿಲ್ಕು. ಅಜ್ಜಿ ಒಬ್ಬಳೇ, ಖಾತೆ ಒಂದೇ. 1976ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ ಬ್ಯಾಂಕು 2005, 2013, 2019ರಲ್ಲಿ ಬೇರೆ ಬೇರೆ ಗ್ರಾಮೀಣ ಬ್ಯಾಂಕುಗಳ ಜೊತೆ ಕೂಡಿಕೊಳ್ಳುತ್ತ ಹೆಸರು ಬದಲಿಸಿತು. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಸೇರಿ ಈಗ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು. ಅಜ್ಜಿಗೆ ಇದು ಯಾವುದೂ ತಾಕಿಲ್ಲ. ಅವಳ ಬಾಯಲ್ಲಿ ಅದು ಇವತ್ತಿಗೂ "ಗ್ರಾಮೀಣ ಬ್ಯಾಂಕು", ಅಷ್ಟೆ.

ಆ ನಾಲ್ಕು ಪಾಸ್‌ಬುಕ್ಕಿನಿಂದಲೇ ಅವತ್ತಿನ ಪಾಠ ಶುರು ಮಾಡಿದೆ. ಪಾಠದ ಹೆಸರು ಕೇಳಿದರೆ ನಮ್ಮ ಕುಕನೂರಿನ ಕಾಲೇಜಿನ ಮಕ್ಕಳಿಗೆ ನಿದ್ದೆ ಬರುವಂಥದ್ದು: ಕಮ್ಯುನಿಸ್ಟ್ ಆಡಳಿತ ಮುಗಿದ ದೇಶಗಳಲ್ಲಿ ಬ್ಯಾಂಕು ಮತ್ತು ವಿಮೆ ಬೆಳೆದ ಬಗೆ. ಪೋಲೆಂಡ್, ಹಂಗೇರಿಗಳನ್ನು ನಕಾಶೆಯಲ್ಲಿ ತೋರಿಸಿದರೆ ಅವು ನಕಾಶೆಯಲ್ಲೇ ಉಳಿಯುತ್ತವೆ. ಆದರೆ ಅಲ್ಲಿ ನಡೆದದ್ದರ ಸಣ್ಣ ರೂಪವೊಂದು ನಮ್ಮ ಮುತ್ತಜ್ಜಂದಿರ ಕಾಲಕ್ಕೆ ಇದೇ ಊರಿನಲ್ಲಿ ನಡೆದಿತ್ತು. ಅದನ್ನು ಮೊದಲು ನೋಡೋಣ.

ಕುಕನೂರು 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಗದಗ, ಅದು ಬ್ರಿಟಿಷರ ಮುಂಬಯಿ ಪ್ರಾಂತ. ನಡುವೆ ಗಡಿ, ಸುಂಕದ ನಾಕಾ. ನಿಜಾಮನಿಗೆ ತನ್ನದೇ ಅಂಚೆ ಇತ್ತು, ತನ್ನದೇ ರೂಪಾಯಿಯೂ ಇತ್ತು. ಅದನ್ನು ಜನ 'ಹಾಲಿ ಸಿಕ್ಕಾ' ಅನ್ನುತ್ತಿದ್ದರು. ಬ್ರಿಟಿಷ್ ರೂಪಾಯಿ 'ಕಲ್ದಾರ'. ಕಲ್ ಅಂದರೆ ಯಂತ್ರ, ಯಂತ್ರದಲ್ಲಿ ಅಚ್ಚಾದ ನಾಣ್ಯ ಅಂತ. ಗದಗಿನ ಸಂತೆಗೆ ಹತ್ತಿ ಮಾರಲು ಹೋದವನು ಕಲ್ದಾರ ತಂದರೆ, ಇಲ್ಲಿಯ ಕಂದಾಯ ಕಟ್ಟಲು ಅದನ್ನು ಹಾಲಿಗೆ ಬದಲಿಸಬೇಕು. ಆ ಬದಲಾವಣೆಯಲ್ಲೇ ಹೊಟ್ಟೆ ಹೊರೆಯುವವರು ಇದ್ದರು.

ದರ ಎಷ್ಟು? 100 ಕಲ್ದಾರಕ್ಕೆ 116 ಹಾಲಿ ರೂಪಾಯಿ, 10 ಆಣೆ, 8 ಪೈ. ಇದನ್ನು ಬೋರ್ಡಿನ ಮೇಲೆ ಬರೆದು ಬಿಡಿಸಲು ಹೇಳಿದೆ. ಆಣೆ ಪೈ ಲೆಕ್ಕ ಗೊತ್ತಿಲ್ಲದ ಮಕ್ಕಳು ಹತ್ತು ನಿಮಿಷ ಒದ್ದಾಡಿದರು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂದ ಮೇಲೆ ಹಿಂದಿನ ಬೆಂಚಿನ ಹುಡುಗ ಹಿಡಿದ: "ಏಳಕ್ಕ ಆರು ಬರ್ತೈತ್ರಿ ಸರ್!" ಹೌದು. ಏಳು ಹಾಲಿಗೆ ಆರು ಕಲ್ದಾರ. 1950ರಲ್ಲಿ ಭಾರತದ ರೂಪಾಯಿ ಇಲ್ಲಿಗೆ ಬಂದಾಗಲೂ ಇದೇ ದರ ಉಳಿಸಿಕೊಂಡರು. ಹಾಲಿ ಸಿಕ್ಕಾವನ್ನು ಒಂದೇ ದಿನದಲ್ಲಿ ರದ್ದೂ ಮಾಡಲಿಲ್ಲ. ಹೊಸದಾಗಿ ಹೊರಡಿಸುವುದನ್ನು 1951ರಲ್ಲಿ ನಿಲ್ಲಿಸಿದರು, ಪೂರ್ತಿ ಅಮಾನ್ಯವಾದದ್ದು 1959ರಲ್ಲಿ. ಜನರಿಗೆ ಹಳೇ ನೋಟು ಬದಲಿಸಿಕೊಳ್ಳಲು ವರ್ಷಗಟ್ಟಲೆ ಸಮಯ ಸಿಕ್ಕಿತು. 2016ರ ನವೆಂಬರ್‌ನ ನೋಟು ರದ್ದತಿ ನೋಡಿದವರಿಗೆ ಇದು ಎಷ್ಟು ಸಮಾಧಾನದ ಕೆಲಸ ಅಂತ ಬಿಡಿಸಿ ಹೇಳಬೇಕಿಲ್ಲ.

ಈಗ ಬರ್ಲಿನ್ನಿಗೆ ಬನ್ನಿ. 1990ರ ಜುಲೈ 1ರಂದು ಪೂರ್ವ ಜರ್ಮನಿಯ ಮಾರ್ಕು ಹೋಗಿ ಪಶ್ಚಿಮದ ಮಾರ್ಕು ಬಂತು. ಸಂಬಳಗಳೆಲ್ಲ ಒಂದಕ್ಕೊಂದು. ಉಳಿತಾಯದಲ್ಲಿ ವಯಸ್ಕರಿಗೆ 4,000 ಮಾರ್ಕಿನವರೆಗೆ, ವಯಸ್ಸಾದವರಿಗೆ 6,000ದವರೆಗೆ, ಮಕ್ಕಳಿಗೆ 2,000ದವರೆಗೆ ಒಂದಕ್ಕೊಂದು. ಅದರ ಮೇಲಿನದಕ್ಕೆ ಎರಡಕ್ಕೊಂದು. ಜನ ಬೀದಿಯಲ್ಲಿ ಪಟಾಕಿ ಹೊಡೆದರು. ಆದರೆ ಹಳೇ ಮಾರ್ಕಿನ ನಿಜವಾದ ಬೆಲೆ ಅಷ್ಟಿರಲಿಲ್ಲ. ನಿನ್ನೆಯವರೆಗೆ ಅಗ್ಗದ ರೊಕ್ಕದಲ್ಲಿ ಸಂಬಳ ಕೊಡುತ್ತಿದ್ದ ಕಾರ್ಖಾನೆ ಬೆಳಗಾಗುವಷ್ಟರಲ್ಲಿ ತುಟ್ಟಿ ರೊಕ್ಕದಲ್ಲಿ ಕೊಡಬೇಕಾಯಿತು. ಒಂದಾದ ಮೇಲೊಂದು ಬಾಗಿಲು ಹಾಕಿದವು. ಏಳಕ್ಕೆ ಆರು ಅನ್ನುವುದು ಮೊದಲಿನಿಂದ ಚಾಲ್ತಿಯಲ್ಲಿದ್ದ ದರ. ಒಂದಕ್ಕೊಂದು ಅನ್ನುವುದು ಮತದಾರನಿಗೆ ಕೊಟ್ಟ ಮಾತು. ರಾಜಕೀಯವಾಗಿ ಬೇರೆ ದಾರಿ ಇತ್ತೋ ಇಲ್ಲವೋ, ಲೆಕ್ಕದ ಮೇಷ್ಟ್ರಾಗಿ ನಾನು ಅದಕ್ಕೆ ಪಾಸ್ ಮಾರ್ಕು ಕೊಡಲಾರೆ.

ರೊಕ್ಕದ ಕಥೆ ಸುಲಭ. ಬ್ಯಾಂಕಿನ ಕಥೆ ಕಷ್ಟ. ಸೋವಿಯತ್ ಮಾದರಿಯಲ್ಲಿ ಬ್ಯಾಂಕ್ ಅನ್ನುವ ಬೋರ್ಡು ಇತ್ತು, ನಾವು ಬ್ಯಾಂಕ್ ಅನ್ನುವ ಕೆಲಸ ಇರಲಿಲ್ಲ. ಇದನ್ನು ಅರ್ಥಮಾಡಿಸಲು ನಾನು ಹಗೇವಿನ ಉದಾಹರಣೆ ಕೊಡುತ್ತೇನೆ. ದೊಡ್ಡ ಕೂಡುಕುಟುಂಬ. ಜೋಳವೆಲ್ಲ ಒಂದೇ ಹಗೇವಿನಲ್ಲಿ. ಯಾವ ಮಗನಿಗೆ ಎಷ್ಟು ಚೀಲ ಅಂತ ಯಜಮಾನ ತೀರ್ಮಾನಿಸುತ್ತಾನೆ. ಪಡಸಾಲೆಯಲ್ಲಿ ಕೂತ ಕಾರಕೂನ ಬರೆದುಕೊಳ್ಳುತ್ತಾನೆ. ಎರಡನೇ ಮಗನ ಹೊಲದಲ್ಲಿ ಏನೂ ಬೆಳೆಯುವುದಿಲ್ಲ ಅಂತ ಕಾರಕೂನನಿಗೆ ಗೊತ್ತು. ಆದರೆ ಅವನನ್ನು ಯಾರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಸೋವಿಯತ್ ಒಕ್ಕೂಟದ ಗೋಸ್‌ಬ್ಯಾಂಕ್ ಈ ಕಾರಕೂನ. ನೋಟು ಅಚ್ಚು ಹಾಕುವುದೂ ಅದೇ, ಕಾರ್ಖಾನೆಗೆ ಸಾಲ ಕೊಡುವುದೂ ಅದೇ. ಸಾಲ ಯಾರಿಗೆ ಅನ್ನುವುದು ಯೋಜನಾ ಕಚೇರಿಯ ತೀರ್ಮಾನ. ಜನರ ಉಳಿತಾಯಕ್ಕೆ ಬೇರೆ ಕೌಂಟರು, ಅಷ್ಟೆ.

ಹಾಗೆ ನೋಡಿದರೆ ನಮ್ಮ ಭಾಗದಲ್ಲೂ ಇಂಥದ್ದೇ ಒಂದು ಎರಡು ಕೆಲಸದ ಸಂಸ್ಥೆ ಇತ್ತು. 1941ರ ಕಾಯ್ದೆಯಿಂದ ಹುಟ್ಟಿ 1942ರಲ್ಲಿ ಬಾಗಿಲು ತೆರೆದ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಹಾಲಿ ಸಿಕ್ಕಾದ ಉಸ್ತುವಾರಿಯನ್ನೂ ಸರ್ಕಾರದ ಸಾಲದ ಲೆಕ್ಕವನ್ನೂ ನೋಡಿಕೊಳ್ಳುತ್ತಿತ್ತು, ಜೊತೆಗೆ ವ್ಯಾಪಾರಿಗಳೊಡನೆ ಮಾಮೂಲಿ ಬ್ಯಾಂಕ್ ವ್ಯವಹಾರವನ್ನೂ ಮಾಡುತ್ತಿತ್ತು. ಸಂಸ್ಥಾನ ಹೋದ ಮೇಲೆ ಈ ಎರಡು ಕೆಲಸ ಬೇರೆಯಾದವು. ರೂಪಾಯಿಯ ಜವಾಬ್ದಾರಿ ರಿಸರ್ವ್ ಬ್ಯಾಂಕಿಗೆ. 1956ರಲ್ಲಿ ಈ ಬ್ಯಾಂಕಿನ ಒಡೆತನವೂ ರಿಸರ್ವ್ ಬ್ಯಾಂಕಿಗೆ ಹೋಗಿ ಹೆಸರು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಯಿತು. 1959ರಲ್ಲಿ ಅದು ಭಾರತೀಯ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಯಿತು, 2017ರ ಏಪ್ರಿಲ್ 1ಕ್ಕೆ ಅದರಲ್ಲೇ ಕರಗಿತು. ನಮ್ಮ ಜಿಲ್ಲೆಯಲ್ಲಿ ಹಿರಿಯರು ಈಗಲೂ 'ಎಸ್‌ಬಿಎಚ್' ಅಂತಲೇ ಕರೆಯುವುದು ಅದರ ನೆನಪು.

ಕೆಲಸ ಬೇರೆ ಮಾಡುವುದೇ ಕಮ್ಯುನಿಸ್ಟೋತ್ತರ ಸುಧಾರಣೆಯ ಮೊದಲ ಹೆಜ್ಜೆಯೂ ಆಗಿತ್ತು. ಮೇಲೆ ಒಂದು ಕೇಂದ್ರ ಬ್ಯಾಂಕು, ಕೆಳಗೆ ಸಾಲ ಕೊಡುವ ಬ್ಯಾಂಕುಗಳು. ಹಂಗೇರಿ 1987ರ ಜನವರಿ 1ಕ್ಕೇ, ಅಂದರೆ ಬರ್ಲಿನ್ ಗೋಡೆ ಬೀಳುವ ಮೊದಲೇ ಇದನ್ನು ಮಾಡಿತು. ಪೋಲೆಂಡ್ 1989ರಲ್ಲಿ ತನ್ನ ಕೇಂದ್ರ ಬ್ಯಾಂಕಿನ ಹೊಟ್ಟೆಯಿಂದ ಒಂಬತ್ತು ಪ್ರಾದೇಶಿಕ ಬ್ಯಾಂಕು ಹೊರತೆಗೆಯಿತು. ಚೆಕೊಸ್ಲೊವಾಕಿಯಾ 1990ರಲ್ಲಿ. ಒಂದೇ ರಾತ್ರಿಯಲ್ಲಿ ಹೊಸ ಬೋರ್ಡು, ಹೊಸ ಲೆಟರ್‌ಹೆಡ್. ಒಳಗೆ ಅದೇ ಮೇಜು, ಅದೇ ಕಾರಕೂನ, ಮತ್ತು ಅದೇ ಹಳೇ ಸಾಲಗಾರ.

ಈ ಸಾಲಗಾರನೇ ಮುಖ್ಯ. ಹೊಸ ಬ್ಯಾಂಕು ಹುಟ್ಟುವಾಗಲೇ ಯಾರಿಗೂ ಬೇಡದ ಟ್ರ್ಯಾಕ್ಟರು, ಯಾರೂ ಕೊಳ್ಳದ ಬೂಟು ಮಾಡುವ ಕಾರ್ಖಾನೆಗಳ ಸಾಲದ ಖಾತೆಯನ್ನು ತೊಟ್ಟಿಲಿನಲ್ಲೇ ಇಟ್ಟುಕೊಂಡು ಹುಟ್ಟಿತು. ವಸೂಲಿ ಮಾಡಲು ಹೋದರೆ ಕಾರ್ಖಾನೆ ಮುಚ್ಚುತ್ತದೆ. ಕಾರ್ಖಾನೆ ಮುಚ್ಚಿದರೆ ಸಾಲ ಮುಳುಗಿತು, ಬ್ಯಾಂಕೂ ಮುಳುಗಿತು. ಆದ್ದರಿಂದ ಮ್ಯಾನೇಜರು ಹಳೇ ಸಾಲದ ಬಡ್ಡಿ ಕಟ್ಟಲು ಹೊಸ ಸಾಲ ಕೊಡುತ್ತಾನೆ. ನಮ್ಮಲ್ಲಿ ಇದಕ್ಕೆ 'ಹೊಸಾ ಪುಸ್ತಕ ಮಾಡೋದು' ಅಂತ ಒಬ್ಬ ವಿದ್ಯಾರ್ಥಿ ಹೇಳಿದ. ಅವನ ಅಪ್ಪ ಪ್ರತಿ ವರ್ಷ ಬೆಳೆಸಾಲಕ್ಕೆ ಮಾಡುವುದು ಅದನ್ನೇ.

ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯ್ ಈ ರೋಗಕ್ಕೆ ಕಮ್ಯುನಿಸ್ಟ್ ಕಾಲದಲ್ಲೇ ಒಂದು ಹೆಸರಿಟ್ಟಿದ್ದರು. ಕನ್ನಡದಲ್ಲಿ ಹೇಳುವುದಾದರೆ, ಬಜೆಟ್ಟಿನ ಬೇಲಿ ಮೆತ್ತಗಿರುವುದು. ನಷ್ಟವಾದರೂ ಸರ್ಕಾರ ಎತ್ತಿಹಿಡಿಯುತ್ತದೆ ಅಂತ ಮೊದಲೇ ಗೊತ್ತಿದ್ದರೆ ಯಾವ ಕಾರ್ಖಾನೆ ಯಾಕೆ ಲೆಕ್ಕ ನೋಡೀತು? ಇಲ್ಲಿ ನನ್ನ ಮಕ್ಕಳು ಪರಸ್ಪರ ಮುಖ ನೋಡಿಕೊಂಡರು. 1990ರ 10,000 ರೂಪಾಯಿವರೆಗಿನ ಮನ್ನಾ, 2008ರ ಮನ್ನಾ, 2018ರ ರಾಜ್ಯ ಸರ್ಕಾರದ ಮನ್ನಾ, ಮೂರೂ ಅವರ ಮನೆಗಳಲ್ಲಿ ಮಾತಾಗುವ ಸಂಗತಿ. ಮಳೆ ಕೈಕೊಟ್ಟ ರೈತನನ್ನೂ ಬೇಡದ ಬೂಟು ಹೊಲಿಯುವ ಕಾರ್ಖಾನೆಯನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಆದರೆ ಮನ್ನಾ ಬರುತ್ತದೆ ಅಂತ ಕಟ್ಟಬಲ್ಲವನೂ ಕಂತು ನಿಲ್ಲಿಸುವುದು ನಮ್ಮ ಊರಲ್ಲೂ ನಡೆದಿದೆ.

ಪೋಲೆಂಡ್ ಇದಕ್ಕೆ ಒಂದು ಉಪಾಯ ಹೂಡಿತು. 1993ರ ಕಾನೂನಿನ ಪ್ರಕಾರ ಸರ್ಕಾರ ಬ್ಯಾಂಕುಗಳಿಗೆ ಬಂಡವಾಳ ತುಂಬಿತು. ಬದಲಿಗೆ ಬ್ಯಾಂಕು ಸುಸ್ತಿದಾರ ಕಾರ್ಖಾನೆಗಳ ಜೊತೆ ಕೂತು ಇದು ಬದುಕುತ್ತದೋ ಇಲ್ಲವೋ ಅಂತ ತೀರ್ಮಾನಿಸಬೇಕು. ಬದುಕುವುದಾದರೆ ಸಾಲ ಸಡಿಲಿಸು, ಇಲ್ಲವಾದರೆ ಮಾರು ಅಥವಾ ಮುಚ್ಚು. ನನಗೆ ಈ ಪದ್ಧತಿ ಹಿಡಿಸುವುದು ಯಾಕೆಂದರೆ, ಕಾರಕೂನ ಮೊದಲ ಸಲ ಹೊಲ ನೋಡಲು ಹೋದ. ಚೆಕ್ಕರು ಹಳೇ ಸಾಲದ ಒಂದು ಪಾಲನ್ನು ಸರ್ಕಾರದ ಬೇರೊಂದು ಬ್ಯಾಂಕಿಗೆ ಸಾಗಿಸಿ ಕೈತೊಳೆದುಕೊಂಡರು, ಆದರೆ ಸಾಲ ಕೊಡುವ ಅಭ್ಯಾಸ ಬದಲಾಗಲಿಲ್ಲ. 2000ದ ಜೂನ್‌ನಲ್ಲಿ ಅಲ್ಲಿಯ ದೊಡ್ಡ ಬ್ಯಾಂಕುಗಳಲ್ಲೊಂದಾದ ಐಪಿಬಿ ಕುಸಿದು ಇನ್ನೊಂದು ಬ್ಯಾಂಕಿನ ಪಾಲಾಯಿತು. ಕೊನೆಗೆ ಹಂಗೇರಿಯೂ ಸೇರಿ ಈ ಮೂರೂ ದೇಶ ಬಹುಪಾಲು ಬ್ಯಾಂಕುಗಳನ್ನು ಹೊರಗಿನವರಿಗೇ ಮಾರಿದವು: ಚೆಕ್ ಉಳಿತಾಯ ಬ್ಯಾಂಕು ಆಸ್ಟ್ರಿಯಾದ ಎರ್‌ಸ್ಟೆಗೆ, ಕೊಮರ್ಚ್ನಿ ಬ್ಯಾಂಕು ಫ್ರಾನ್ಸಿನ ಸೊಸಿಯೆತೆ ಜೆನೆರಾಲ್‌ಗೆ.

ರಷ್ಯಾದ್ದು ಬೇರೆ ಹಾದಿ. ಅಲ್ಲಿ ಲೈಸೆನ್ಸು ಕೇಳಿದವರಿಗೆಲ್ಲ ಸಿಕ್ಕಿತು; 1990ರ ದಶಕದ ನಡುವೆ ಎರಡು ಸಾವಿರಕ್ಕೂ ಹೆಚ್ಚು ಬ್ಯಾಂಕುಗಳಿದ್ದವು. ಎಷ್ಟೋ ಬ್ಯಾಂಕು ಒಂದೊಂದು ಕಂಪನಿಯ ಜೇಬು. 1992ರಲ್ಲಿ ಬೆಲೆಗಳು ಸುಮಾರು 2,500 ಶೇಕಡಾ ಏರಿದಾಗ, ಜೀವಮಾನವಿಡೀ ಉಳಿತಾಯ ಬ್ಯಾಂಕಿನಲ್ಲಿಟ್ಟ ಮುದುಕಿಯ ರೂಬಲ್‌ಗೆ ಒಂದು ವಾರದ ಸಂತೆಯೂ ಬರದಂತಾಯಿತು. ಪಾಸ್‌ಬುಕ್ಕಿನಲ್ಲಿ ಅಂಕಿ ಹಾಗೇ ಇತ್ತು. 1998ರ ಆಗಸ್ಟ್ 17ಕ್ಕೆ ಸರ್ಕಾರವೇ ತನ್ನ ಬಾಂಡಿನ ರೊಕ್ಕ ಕೊಡಲಾರೆ ಅಂದಿತು. ಆ ಬಾಂಡು ತುಂಬಿಕೊಂಡಿದ್ದ ಬ್ಯಾಂಕುಗಳು ಉರುಳಿದವು. ಠೇವಣಿ ವಿಮೆಯ ಕಾನೂನು ಬಂದದ್ದು 2003ರ ಕೊನೆಗೆ. ಕಳ್ಳ ಬ್ಯಾಂಕುಗಳ ಲೈಸೆನ್ಸು ಕಿತ್ತುಕೊಳ್ಳುತ್ತಿದ್ದ ಕೇಂದ್ರ ಬ್ಯಾಂಕಿನ ಉಪಾಧ್ಯಕ್ಷ ಆಂದ್ರೇ ಕೊಜ್ಲೋವ್ ಅವರನ್ನು 2006ರ ಸೆಪ್ಟೆಂಬರ್‌ನಲ್ಲಿ ಮಾಸ್ಕೋದಲ್ಲಿ ಗುಂಡಿಟ್ಟು ಕೊಂದರು. ಬ್ಯಾಂಕ್ ಮೇಲ್ವಿಚಾರಣೆ ಅಂದರೆ ಎ.ಸಿ. ಕೋಣೆಯ ಕಡತದ ಕೆಲಸ ಅಂದುಕೊಂಡವರು ಈ ಹೆಸರು ನೆನಪಿಡಬೇಕು.

ಬ್ಯಾಂಕು ಸರಿಯಿಲ್ಲದ ಕಡೆ ಜಾಗ ತುಂಬಲು ಬೇರೆಯವರು ಬರುತ್ತಾರೆ. ಅಲ್ಬೇನಿಯಾದಲ್ಲಿ ಬಂದವರು ದುಪ್ಪಟ್ಟು ಮಾಡಿಕೊಡುವವರು. ನಮ್ಮಲ್ಲಿ ಚೀಟಿ, ಭೀಸಿ ಅನ್ನುವವು ಗೊತ್ತಲ್ಲ, ಅವುಗಳಲ್ಲಿ ಎಷ್ಟು ಹಾಕಿದರೋ ಅಷ್ಟೇ ರೊಕ್ಕ ಸುತ್ತು ಹೊಡೆಯುತ್ತದೆ. ಇವರದ್ದು ಹಾಗಲ್ಲ. ಹಿಂದೆ ಬಂದವನ ರೊಕ್ಕದಲ್ಲಿ ಮುಂದೆ ನಿಂತವನಿಗೆ ಬಡ್ಡಿ. 1996ರಲ್ಲಿ ಜನ ಮನೆ ಮಾರಿ, ದನ ಮಾರಿ ಹಾಕಿದರು. ಒಟ್ಟು ಹೊಣೆ ದೇಶದ ವರ್ಷದ ಉತ್ಪನ್ನದ ಅರ್ಧದ ಹತ್ತಿರ ಹೋಯಿತು. 1997ರ ಆರಂಭದಲ್ಲಿ ಕುಸಿದಾಗ ಸರ್ಕಾರವೇ ಉರುಳಿತು, ಗಲಭೆಯಲ್ಲಿ ಸುಮಾರು ಎರಡು ಸಾವಿರ ಜನ ಸತ್ತರು. "ಅಷ್ಟು ದಡ್ರು ಇರ್ತಾರೇನ್ರಿ ಸರ್?" ಅಂತ ಒಬ್ಬಳು ಕೇಳಿದಳು. ನಾನು 2019ರಲ್ಲಿ ಬೆಂಗಳೂರಿನಲ್ಲಿ ಕುಸಿದ ಐಎಂಎ ಎಂಬ ಹೂಡಿಕೆ ಕಂಪನಿಯ ಹೆಸರು ಹೇಳಿದೆ. ಅಲ್ಬೇನಿಯಾದವರಿಗೆ ಕನಿಷ್ಠ ಒಂದು ನೆಪವಿತ್ತು: ನಾಲ್ಕೈದು ದಶಕ ಅವರು ಮಾರುಕಟ್ಟೆಯ ಬ್ಯಾಂಕನ್ನಾಗಲಿ ಇಂಥ ಮೋಸವನ್ನಾಗಲಿ ಕಂಡಿರಲಿಲ್ಲ.

ಇನ್ನು ವಿಮೆ. ಮಾರುಕಟ್ಟೆ ಬಂದ ಮೇಲೆ ಎಲ್ಲಕ್ಕಿಂತ ಕೊನೆಗೆ ಬೆಳೆಯುವ ಗಿಡ ಇದು. ಕಾರಣ ಸರಳ. ಬ್ಯಾಂಕಿನಲ್ಲಿ ಇಟ್ಟ ರೊಕ್ಕವನ್ನು ನಾಳೆ ಬೆಳಗ್ಗೆ ತೆಗೆದು ನೋಡಬಹುದು. ಜೀವ ವಿಮೆಯಲ್ಲಿ ಇಪ್ಪತ್ತು ವರ್ಷ ಕಂತು ಕಟ್ಟಿ, ಅವತ್ತಿಗೆ ಆ ಕಂಪನಿ ಇರುತ್ತದೆ, ಆ ರೂಪಾಯಿಗೆ ಬೆಲೆ ಇರುತ್ತದೆ ಅಂತ ನಂಬಬೇಕು. ಹಣದುಬ್ಬರದಲ್ಲಿ ಪಾಲಿಸಿ ಕರಗಿದ್ದನ್ನು ಕಂಡವನು ಮತ್ತೆ ಏಜೆಂಟನನ್ನು ಮನೆಯೊಳಗೆ ಬಿಡುತ್ತಾನೆಯೇ?

ಕಮ್ಯುನಿಸ್ಟ್ ಕಾಲದಲ್ಲಿ ವಿಮೆ ಇರಲೇ ಇಲ್ಲ ಅಂದುಕೊಳ್ಳಬೇಡಿ. ಸೋವಿಯತ್ತಿನ ಗೋಸ್‌ಸ್ತ್ರಾಖ್ 1921ರಷ್ಟು ಹಳೆಯದು. ಪೋಲೆಂಡಿನಲ್ಲಿ ಪಿಜೆಡ್‌ಯು ಇತ್ತು. ಆದರೆ ಎಲ್ಲವೂ ಸರ್ಕಾರದ್ದೇ ಆದಾಗ ಯಾರು ಯಾರಿಂದ ವಿಮೆ ಕೊಳ್ಳಬೇಕು? ಸಾಮೂಹಿಕ ಬೇಸಾಯದ ಕೊಲ್‌ಖೋಜ್‌ಗಳಿಗೆ ವಿಮೆ ಕಡ್ಡಾಯವಾಗಿ ಬರುತ್ತಿತ್ತು, ರೈತನಿಗೆ ಅದು ಇನ್ನೊಂದು ಕಂದಾಯದಂತೆ. ಬದಲಾವಣೆ ಬಂದ ಮೇಲೆ ಮೊದಲು ಚಿಗುರಿದ್ದು ವಾಹನ ವಿಮೆ, ಅದೂ ಕಾನೂನಿನ ಒತ್ತಾಯದಿಂದ. ರಷ್ಯಾದಲ್ಲಿ ಮೂರನೆಯವರ ಹಾನಿಯ ವಾಹನ ವಿಮೆ ಕಡ್ಡಾಯವಾದದ್ದು 2003ರಲ್ಲಿ. ನಮ್ಮಲ್ಲಿ ಅದರ ಬೇರು 1939ರ ಮೋಟಾರು ಕಾಯ್ದೆಯಲ್ಲೇ ಇದೆ. ಹಳೇ ಸರ್ಕಾರಿ ಕಂಪನಿಗಳನ್ನೂ ಹೊರಗಿನವರು ಕೊಂಡರು. ಪೂರ್ವ ಜರ್ಮನಿಯ ವಿಮೆಯನ್ನೂ ಹಂಗೇರಿಯ ಹುಂಗಾರಿಯಾ ಕಂಪನಿಯನ್ನೂ ಅಲಿಯಾಂಜ್ ಹಿಡಿಯಿತು. ಪಿಜೆಡ್‌ಯು ಮಾರಾಟದ ಜಗಳ 1999ರಿಂದ ಹತ್ತು ವರ್ಷ ಎಳೆಯಿತು.

ನಮ್ಮ ದೇಶ ಇದರ ಉಲ್ಟಾ ನಡೆದು ಆಮೇಲೆ ಸ್ವಲ್ಪ ತಿರುಗಿತು. ಮೈಸೂರು ಸಂಸ್ಥಾನ ತನ್ನ ನೌಕರರಿಗೆ 1891ರಲ್ಲೇ ವಿಮೆ ತೆರೆದಿತ್ತು. ಇವತ್ತಿನ ಕೆಜಿಐಡಿ ಅದೇ, ನನ್ನ ಸಂಬಳದಲ್ಲೂ ಅದರ ಕಂತು ಹೋಗುತ್ತದೆ. ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ರೈತರ ಸಹಕಾರಿ ಸಂಘ ಕಟ್ಟಿದ್ದರು. ಕರಾವಳಿಯಲ್ಲಿ 1906ರಿಂದ ಒಂದರ ಹಿಂದೊಂದು ಬ್ಯಾಂಕು ಎದ್ದವು. ಆಮೇಲೆ ದೆಹಲಿ ಒಂದೊಂದಾಗಿ ಕೈಗೆ ತೆಗೆದುಕೊಂಡಿತು: 1956ರ ಸೆಪ್ಟೆಂಬರ್ 1ಕ್ಕೆ 245 ಜೀವ ವಿಮಾ ಸಂಸ್ಥೆಗಳು ಕೂಡಿ ಎಲ್‌ಐಸಿ, 1969ರ ಜುಲೈ 19ಕ್ಕೆ 14 ಬ್ಯಾಂಕುಗಳು, 1973ರ ಜನವರಿಗೆ ಸಾಮಾನ್ಯ ವಿಮೆ, 1980ರಲ್ಲಿ ಇನ್ನೂ ಆರು ಬ್ಯಾಂಕು. 1991ರ ನಂತರ ಬಾಗಿಲು ಸ್ವಲ್ಪ ಸ್ವಲ್ಪ ತೆರೆಯಿತು. 1999ರ ಕಾಯ್ದೆಯ ಮೇಲೆ ಖಾಸಗಿ ವಿಮಾ ಕಂಪನಿಗಳು ಬಂದವು.

"ಹಂಗಾರ ನಮ್ದೂ ರಷ್ಯಾದಂಗ ಇತ್ತೇನ್ರಿ?" ಇಲ್ಲ. ಬ್ಯಾಂಕಿನ ಮಾಲೀಕ ಸರ್ಕಾರವಾದರೂ ಮೇಲೆ ನೋಡಿಕೊಳ್ಳಲು 1935ರಿಂದ ರಿಸರ್ವ್ ಬ್ಯಾಂಕು ಬೇರೆಯಾಗೇ ಇತ್ತು. ಸಾಲ ಕೇಳಲು ಹೋದವನ ಪಹಣಿ ನೋಡುವ, ಜಾಮೀನು ಕೇಳುವ ಅಭ್ಯಾಸ ನಿಂತಿರಲಿಲ್ಲ. ಕೇರಳದ ಪಾಲಾ ಸೆಂಟ್ರಲ್ ಬ್ಯಾಂಕು 1960ರಲ್ಲಿ ಮುಳುಗಿದ ಮೇಲೆ 1962ರಿಂದಲೇ ಠೇವಣಿ ವಿಮೆ ಬಂತು, ರಷ್ಯಾಕ್ಕಿಂತ ನಾಲ್ಕು ದಶಕ ಮೊದಲು. ಆಗ ಮಿತಿ 1,500 ರೂಪಾಯಿ. 2020ರ ಫೆಬ್ರುವರಿಯಿಂದ 5 ಲಕ್ಷ. ಇದು ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳಿಗೆ. ಬೀದಿಬೀದಿಗೆ ಬೋರ್ಡು ಹಾಕಿರುವ ಪತ್ತಿನ ಸೊಸೈಟಿಗಳಿಗೆ ಈ ರಕ್ಷಣೆ ಇಲ್ಲ. ಅರ್ಧ ಪರ್ಸೆಂಟು ಬಡ್ಡಿ ಹೆಚ್ಚು ಅಂತ ಪಿಂಚಣಿ ದುಡ್ಡೆಲ್ಲ ಅಲ್ಲಿಡುವ ಮೊದಲು ಇದನ್ನು ತಿಳಿದಿರಬೇಕು.

ಕೊಲ್‌ಖೋಜಿನ ಕಡ್ಡಾಯ ವಿಮೆಯ ನೆರಳು ಮಾತ್ರ ನಮ್ಮ ಎರೆಹೊಲದ ಮೇಲೂ ಬಿದ್ದಿತ್ತು. 2016ರ ಮುಂಗಾರಿನಿಂದ ಬಂದ ಫಸಲ್ ಬಿಮಾ ಯೋಜನೆಯಲ್ಲಿ ರೈತ ಕಟ್ಟುವುದು ಮುಂಗಾರಿಗೆ ವಿಮೆ ಮೊತ್ತದ 2 ಶೇಕಡಾ, ಹಿಂಗಾರಿಗೆ ಒಂದೂವರೆ, ತೋಟದ ಬೆಳೆಗೆ 5, ಮಿಕ್ಕದ್ದು ಸರ್ಕಾರಗಳದ್ದು. ಬೆಳೆಸಾಲ ತೆಗೆದವನಿಗೆ 2020ರವರೆಗೆ ಇದು ಕಡ್ಡಾಯವಾಗಿತ್ತು, ಬ್ಯಾಂಕಿನಲ್ಲೇ ಮುರಿದುಕೊಳ್ಳುತ್ತಿದ್ದರು. ಎಷ್ಟೋ ಜನರಿಗೆ ತಾವು ವಿಮೆ ಮಾಡಿಸಿದ್ದೇ ಗೊತ್ತಿರಲಿಲ್ಲ. ಪರಿಹಾರದ ಲೆಕ್ಕವೂ ತಿಳಿಯದು. ನಿಮ್ಮ ಕಡಲೆ ಒಣಗಿದ್ದಷ್ಟೇ ಸಾಲದು. ಪಂಚಾಯಿತಿಯಲ್ಲಿ ಆಯ್ದ ಕೆಲವು ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ, ಸರಾಸರಿ ಇಳುವರಿ ನಿಗದಿಯಾದ ಮಟ್ಟಕ್ಕಿಂತ ಕೆಳಗಿಳಿದರೆ ಮಾತ್ರ ಎಲ್ಲರಿಗೂ ಬರುತ್ತದೆ. ಪಕ್ಕದ ಹೊಲಗಳು ಚೆನ್ನಾಗಿದ್ದರೆ ನಿಮಗಿಲ್ಲ. ಇದು ಮೋಸ ಅಂತ ಕಟ್ಟೆಯ ಮೇಲೆ ಮಾತಾಡುತ್ತಾರೆ. ಮೋಸವಲ್ಲ, ಆ ವಿಮೆಯ ಕರಾರೇ ಹಾಗೆ. ಆದರೆ ರೈತನನ್ನು ಕೂಡಿಸಿಕೊಂಡು ಕರಾರನ್ನು ಕನ್ನಡದಲ್ಲಿ ಹೇಳುವವರಿಲ್ಲದಿದ್ದರೆ ಅವನು ಇನ್ನೇನು ಅಂದುಕೊಳ್ಳಬೇಕು?

ಅಜ್ಜಿಯ ಪಾಸ್‌ಬುಕ್ಕಿಗೆ ಮರಳುತ್ತೇನೆ. ಮೊದಲನೆಯದರಲ್ಲಿ ಪೆನ್ನಿನ ಅಕ್ಷರ, ಪ್ರತಿ ಸಾಲಿಗೂ ಗುಮಾಸ್ತನ ಸಹಿ. ಕೊನೆಯದರಲ್ಲಿ ಮುದ್ರಕದ ಮಸುಕು ಅಂಕಿ, ನಡುವೆ ಜೀವ ವಿಮೆಗೆ 436 ರೂಪಾಯಿ, ಅಪಘಾತ ವಿಮೆಗೆ 20 ರೂಪಾಯಿ ಕಡಿತ. "ಇದು ಯಾತಕ್ಕ ಹೋಗೇತಿ ಅಂತ ಅಜ್ಜಿಗೆ ಗೊತ್ತೈತೇನು?" ಕೇಳಿದೆ. ಹುಡುಗಿ ಮನೆಗೆ ಹೋಗಿ ಕೇಳಿಕೊಂಡು ಬಂದಳು. ಗೊತ್ತಿರಲಿಲ್ಲ.

ಈ ವರ್ಷ ಮತ್ತೆ ಅದೇ ಪಾಠ ಬರುತ್ತದೆ. ಓದುಗರಲ್ಲಿ ಒಂದು ಕೇಳಿಕೆ: ನಿಮ್ಮ ಮನೆಯ ಟ್ರಂಕಿನಲ್ಲಿ ಹಳೇ ಪಾಸ್‌ಬುಕ್ಕು, ಹಾಲಿ ಸಿಕ್ಕಾದ ಸಾಲಪತ್ರ, ಎಲ್‌ಐಸಿಗೂ ಮೊದಲಿನ ವಿಮೆ ಕಾಗದ ಏನಾದರೂ ಇದ್ದರೆ ರದ್ದಿಗೆ ಹಾಕಬೇಡಿ. ನಿಮ್ಮ ಊರಿನ ಶಾಲೆಗೋ ಕಾಲೇಜಿಗೋ ಒಂದು ದಿನದ ಮಟ್ಟಿಗೆ ಕೊಟ್ಟು ಕಳಿಸಿ.